ಬಾಯಿ ತಪ್ಪಿ ಅಂದ ಆಮೆನ್

ಪ್ರಾರ್ಥನೆಯ ನಡುವೆ ಯಾರೂ ಎದ್ದು ನಿಲ್ಲಿಸು ಅನ್ನುವುದಿಲ್ಲ. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಕುಕ್ಕರ್ ಕೂಗಿದರೂ, ಫೋನ್ ಬಡಿದುಕೊಂಡರೂ, ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ನಿಂತು ಕರೆದರೂ ಕಣ್ಣು ಮುಚ್ಚಿಕೊಂಡೇ ಕೂತಿರಬೇಕು. ಪ್ರಾರ್ಥಿಸುವವರು ಮುಗಿಸಿದ ಮೇಲೆ ಎಲ್ಲರೂ ಒಟ್ಟಿಗೆ ಆಮೆನ್ ಅನ್ನಬೇಕು. ಹಾಗೇ ಆಗಲಿ ಎಂದು ಅದರ ಅರ್ಥ. ಚಿಕ್ಕಂದಿನಿಂದ ಬಂದ ಈ ಅಭ್ಯಾಸ ನನ್ನ ಮಗಳ ಮದುವೆ ಮುರಿಯುವಂತಾದ ದಿನ ನನ್ನ ಬಾಯಿಂದಲೂ ಹಾಗೇ ಆಗಲಿ ಅನ್ನಿಸಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾವು ಮೈಸೂರಿನ ಕಡೆಯವರು. ಗಂಡನಿಗೆ ಕೊಯಮತ್ತೂರಿನ ಗಣಪತಿ ಬಡಾವಣೆಯ ಪಂಪ್ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ ಮಗಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಭಾನುವಾರ ತಮಿಳು ಚರ್ಚಿಗೆ ಹೋಗುತ್ತೇವೆ, ಹಾಡುತ್ತೇವೆ, ಪ್ರಸಂಗ ಕೇಳುತ್ತೇವೆ. ಆದರೆ ಹೊಟ್ಟೆಯೊಳಗಿನ ಸಂಕಟವನ್ನು ದೇವರ ಮುಂದೆ ತಮಿಳಿನಲ್ಲಿ ತೋಡಿಕೊಳ್ಳುವುದು ನನ್ನಿಂದ ಇವತ್ತಿಗೂ ಆಗದು. ಅದಕ್ಕೇ ಶನಿವಾರ ಸಂಜೆ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕನ್ನಡದ ನಾಲ್ಕು ಮನೆಯವರನ್ನು ಕರೆದು ಪ್ರಾರ್ಥನೆ ಕೂಟ ಶುರುಮಾಡಿದೆ. ಕೂಟ ಅಂದರೆ ಒಂದು ಹಾಡು, ಬೈಬಲಿನ ಒಂದು ಅಧ್ಯಾಯ ವಾಕ್ಯ, ಆಮೇಲೆ ಪ್ರಾರ್ಥನೆ ವಿಷಯ ಇದ್ದವರು ಹೇಳಿಕೊಳ್ಳುವುದು, ಕೊನೆಗೆ ಕಾಫಿ. ಕಾಫಿಗಾಗಿಯೇ ಬರುವವರೂ ಇದ್ದರು ಅನ್ನಿ.

ನಾನು ತಂಗಿ ಅಂದುಕೊಂಡವಳು ಆ ಕೂಟಕ್ಕೆ ಬಂದದ್ದು ಒಂದು ಸೀರೆಯ ದೆಸೆಯಿಂದ. ಹಿಂದಿನ ಬೀದಿಯಲ್ಲಿದ್ದಳು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಗಾಂಧಿಪುರಂನ ಸೀರೆ ಅಂಗಡಿಗಳಿಗೆ ಫಾಲ್ಸ್ ಹೊಲಿದು ಕೊಡುವುದು ಅವಳ ಕೆಲಸ. ನಾನೂ ಒಂದು ಸೀರೆ ಕೊಡಲು ಹೋಗಿ, ದಾರದ ಬಣ್ಣ ಹೊಂದುತ್ತಿಲ್ಲವೆಂದು ಕನ್ನಡದಲ್ಲಿ ಗೊಣಗಿಕೊಂಡೆ. ಅವಳು ಸೂಜಿ ಕೆಳಗಿಟ್ಟು, “ಅಕ್ಕಾ, ನೀವು ನಮ್ ಮಾತಾ?” ಎಂದು ನನ್ನ ಕೈ ಹಿಡಿದುಕೊಂಡುಬಿಟ್ಟಳು.

ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡ ನೇಕಾರರ ಮನೆಯ ಹೆಣ್ಣು ಅವಳು. ಲೇತ್ ಕೆಲಸದ ಕ್ರೈಸ್ತ ಹುಡುಗನನ್ನು ಮೆಚ್ಚಿ ಮದುವೆಯಾದ ದಿನ ತವರಿನ ಬಾಗಿಲು ಮುಚ್ಚಿಹೋಗಿತ್ತು. ಗಂಡ ಮಕ್ಕಳದು ತಮಿಳು. ಅವ್ವನ ಜೊತೆ ಆಡಿದ ಮಾತನ್ನು ಆಡಲು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಹಾಗಾಗಿ ಶನಿವಾರ ಬಂತೆಂದರೆ ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುವವಳೂ ಅವಳೇ, ಕೊನೆಗೆ ಲೋಟ ತೊಳೆದಿಟ್ಟು ಹೋಗುವವಳೂ ಅವಳೇ.

“ನಂಗೆ ಕನ್ನಡ ಎಳುತ್ತು, ಅಕ್ಷರ ಬರಲ್ಲಕ್ಕಾ. ನೀ ಓದು, ನಾ ಕೇಳ್ತೀನಿ,” ಅನ್ನುತ್ತಿದ್ದಳು. ನಾನು ಓದುತ್ತಿದ್ದೆ. ಅವಳು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೇಳುತ್ತಿದ್ದಳು. ಮುಂದಿನ ವಾರ ಅದೇ ವಾಕ್ಯವನ್ನು ತನ್ನ ರಾಗದಲ್ಲಿ ನನಗೇ ಒಪ್ಪಿಸುತ್ತಿದ್ದಳು. ನನಗೆ ಒಡಹುಟ್ಟಿದ ತಂಗಿಯರಿಲ್ಲ. ಇವಳೇ ತಂಗಿ ಅಂದುಕೊಂಡೆ, ಬಾಯಿಬಿಟ್ಟು ಹೇಳಿಯೂ ಹೇಳಿದೆ. ಆ ನಂಬಿಕೆಯಿಂದಲೇ ಒಂದು ಮಧ್ಯಾಹ್ನ, ಅವಳು ಸೀರೆಗೆ ಹೊಲಿಗೆ ಹಾಕುತ್ತ ಕೂತಿದ್ದಾಗ, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ.

ನನ್ನ ಮಗಳಿಗೆ ಹೈಸ್ಕೂಲಿನಿಂದ ಫಿಟ್ಸ್ ಇದೆ. ಮಾತ್ರೆ ತಪ್ಪದೆ ತೆಗೆದುಕೊಂಡರೆ ಬರುವುದಿಲ್ಲ. ಓದಿದಳು, ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಓರಗೆಯ ಹುಡುಗಿಯರೆಲ್ಲ ಸ್ಕೂಟರಿನಲ್ಲಿ ಹಾರಾಡಿಕೊಂಡು ಹೋಗುವಾಗ ಇವಳೊಬ್ಬಳು ನಡೆದು ಹೋಗುತ್ತಾಳೆ. ಯಾಕೆಂದು ಕೇಳಿದವರಿಗೆ, “ತೆಳ್ಳಗಾಗೋಕೆ,” ಅಂತಾಳೆ. ಮೊದಲೇ ಕಡ್ಡಿ. ಕೇಳಿದವರು ನಗುತ್ತಾರೆ, ಅಲ್ಲಿಗೆ ಮುಗಿಯಿತು. ಅವಳ ಕಾಯಿಲೆ ನಮ್ಮ ಮೂವರ ನಡುವೆ ಹೀಗೆ ಭದ್ರವಾಗಿತ್ತು. ನಾನು ಹೇಳಿ ಅದನ್ನು ನಾಲ್ವರದ್ದು ಮಾಡಿದೆ. ಅವಳು ಸೀರೆ ಬದಿಗಿಟ್ಟು ನನ್ನ ಜೊತೆ ಅತ್ತಳು. “ಬಾಯಿ ತೆಗೆಯಲ್ಲ ಅಕ್ಕಾ, ನಮ್ ಅವ್ವನಾಣೆ,” ಅಂದಳು.

ಆಮೇಲೆ ತಿರುಪ್ಪೂರಿನಿಂದ ಒಂದು ಸಂಬಂಧ ಬಂತು. ಕನ್ನಡದ ಕ್ರೈಸ್ತ ಮನೆತನ, ಹುಡುಗ ಬನಿಯನ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ಮಗಳು ಮುಚ್ಚುಮರೆ ಬೇಡ ಅಂದಳು. ಹುಡುಗನನ್ನು ಎರಡನೆಯ ಸಲ ನೋಡಿದಾಗಲೇ ತನ್ನ ಕಾಯಿಲೆಯ ವಿಷಯ ತಾನೇ ಹೇಳಿದಳು. ಅವನು, “ಮಾತ್ರೆ ನಾನು ನೆನಪು ಮಾಡ್ತೀನಿ ಬಿಡು,” ಅಂದನಂತೆ. ಅಮ್ಮನಿಗೆ ತಾನೇ ನಿಧಾನವಾಗಿ ಹೇಳುತ್ತೇನೆ, ಸ್ವಲ್ಪ ಸಮಯ ಕೊಡಿ ಅಂದ. ಎಷ್ಟು ಒಳ್ಳೆಯ ಹುಡುಗ ಅಂತ ನಾನು ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ನಿಶ್ಚಿತಾರ್ಥಕ್ಕೆ ಗಾಂಧಿಪುರಂಗೆ ಹೋಗಿ ನವಿಲು ಬಣ್ಣದ ರೇಷ್ಮೆ ಸೀರೆ ತಂದೆವು. ಫಾಲ್ಸ್ ಹೊಲಿಯಲು ಇನ್ಯಾರಿಗೆ ಕೊಡುವುದು? ಅವಳಿಗೇ ಕೊಟ್ಟೆ.

ಹುಡುಗನ ಚಿಕ್ಕಮ್ಮ ಇರುವುದು ಇಲ್ಲೇ ಊರಂಚಿನ ಮದುಕ್ಕರೈನಲ್ಲಿ. ನಮ್ಮ ಕೂಟದ ಸುದ್ದಿ ಕೇಳಿ, ಆ ನೆಪದಲ್ಲಿ ಮನೆಯನ್ನೂ ನೋಡಿದಂತಾಯಿತು ಎಂದು ಒಂದು ಶನಿವಾರ ಬಂದರು. ನಾನು ಮದ್ದೂರು ವಡೆ ಮಾಡಿದ್ದೆ. “ಇವಳು ನನ್ನ ತಂಗಿ ಇದ್ದ ಹಾಗೆ,” ಎಂದು ಅವಳನ್ನು ಪರಿಚಯ ಮಾಡಿಸಿದವಳೂ ನಾನೇ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು.

ಹಾಡಾಯಿತು, ವಾಕ್ಯವಾಯಿತು. ಪ್ರಾರ್ಥಿಸುವ ಸರದಿ ಅವಳದಾಯಿತು. ಅವಳ ಪ್ರಾರ್ಥನೆ, ಅವಳ ಮಾತಿನಲ್ಲಿ ಜೆಬ, ಅಂದರೆ ಗಂಗಾವತರಣ, ಹಿಡಿದು ನಿಲ್ಲಿಸುವ ಹಾಗಿಲ್ಲ. ದೇಶಕ್ಕಾಗಿ, ಮಳೆಗಾಗಿ, ಲೇತ್ ಕೆಲಸದವರ ಬೆರಳುಗಳಿಗಾಗಿ ಬೇಡಿಕೊಂಡು, ಅದೇ ಉಸಿರಿನಲ್ಲಿ ನನ್ನ ಮಗಳ ಕಡೆ ತಿರುಗಿದಳು.

“ಆಂಡವರೇ, ನಮ್ ಅಕ್ಕನ ಮಗಳಿಗೆ ಸ್ಕೂಲ್ ಕಾಲದಿಂದ ಬಿಡದೆ ಇರೋ ಆ ಫಿಟ್ಸ್ ಕಾಯಿಲೆನ ಬೇರೋಡ ಕಿತ್ತು ಹಾಕಪ್ಪಾ. ಮದುವೆ ಆಗಿ ಹೋಗೋ ಮನೇಲಿ ಆ ಮಗು ಬೀಳಬಾರದಪ್ಪಾ, ಬಾಯಲ್ಲಿ ನೊರೆ ಬರಬಾರದಪ್ಪಾ...”

ನನ್ನ ಕಣ್ಣು ಮುಚ್ಚಿತ್ತು. ಮುಚ್ಚಿದ ಕಣ್ಣಿನೊಳಗೆ ಬೆಂಕಿ ಬಿದ್ದಂತಾಯಿತು. ಎದ್ದು ಅವಳ ಬಾಯಿ ಮುಚ್ಚಬೇಕು ಅನ್ನಿಸಿತು. ಆದರೆ ಪ್ರಾರ್ಥನೆ ನಡೆಯುತ್ತಿದೆ, ಹೇಗೆ ಏಳುವುದು? ಅಯ್ಯೋ, ಆ ಬುದ್ಧಿಗೆ ಏನೆನ್ನಲಿ! ಮನೆ ಹೊತ್ತಿ ಉರಿಯುತ್ತಿದ್ದರೂ ಮರ್ಯಾದೆಗಾಗಿ ಕಣ್ಣು ಮುಚ್ಚಿ ಕೂತವಳು ನಾನು. ಅವಳು ಮುಗಿಸಿದಳು. ಎಲ್ಲರೂ ಆಮೆನ್ ಅಂದರು. ಮದುಕ್ಕರೈ ಚಿಕ್ಕಮ್ಮನ ಆಮೆನ್ ಎಲ್ಲರಿಗಿಂತ ಜೋರಾಗಿತ್ತು. ಮತ್ತು ನನ್ನ ಬಾಯಿಂದಲೂ, ನನಗೆ ತಿಳಿಯುವ ಮೊದಲೇ, ಆಮೆನ್ ಬಿದ್ದುಹೋಯಿತು.

ಚಿಕ್ಕಮ್ಮ ವಡೆ ಮುರಿದರು, ತಿನ್ನಲಿಲ್ಲ. ಕತ್ತಲಾದರೆ ಬಸ್ಸು ಸಿಗುವುದಿಲ್ಲ ಎಂದು ಎದ್ದು ಹೊರಟರು. ಮದುಕ್ಕರೈಗೆ ಬಸ್ಸು ಸಿಗದೆ ಏನು?

ಎರಡು ದಿನಕ್ಕೆ ತಿರುಪ್ಪೂರಿನಿಂದ ಫೋನ್ ಬಂತು. ಹುಡುಗನ ತಾಯಿ ಒಂದು ಕೆಟ್ಟ ಮಾತೂ ಆಡಲಿಲ್ಲ. “ತುಂಬಾ ಪ್ರಾರ್ಥನೆ ಮಾಡಿದ್ವಿ ಸಿಸ್ಟರ್. ದೇವರ ಚಿತ್ತ ಇದ್ದ ಹಾಗೆ ಕಾಣ್ಲಿಲ್ಲ,” ಅಂದರು. ನಮ್ಮವರಲ್ಲಿ ಇದೊಂದು ಅನುಕೂಲ. ನಿಮ್ಮ ಮಗಳು ನಮಗೆ ಬೇಡ ಅನ್ನುವ ಕಷ್ಟವನ್ನು ದೇವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಮಾತ್ರೆ ನೆನಪು ಮಾಡುತ್ತೇನೆಂದ ಆ ಒಳ್ಳೆಯ ಹುಡುಗನಿಂದ ಒಂದು ಮೆಸೇಜೂ ಬರಲಿಲ್ಲ. ಮಗಳು ಫೋನನ್ನು ಮೇಜಿನ ಮೇಲೆ ಕವುಚಿಟ್ಟು ಸ್ನಾನಕ್ಕೆ ಹೋದಳು. ನೀರಿನ ಸದ್ದು ನಿಲ್ಲಲೇ ಇಲ್ಲ. ನಾನು ಬಚ್ಚಲಿನ ಬಾಗಿಲ ಹೊರಗೆ ನಿಂತಿದ್ದೆ, ಬಡಿಯಲು ಧೈರ್ಯ ಸಾಲದೆ.

ಅವತ್ತೇ ಹಿಂದಿನ ಬೀದಿಗೆ, ಅವಳ ಮನೆಗೆ ಹೋದೆ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಕೇಳಿದೆ.

“ಅವ್ವನ ಮೇಲೆ ಆಣೆ ಇಟ್ಟಿದ್ದೆ. ಯಾಕೆ ಹೇಳ್ದೆ?”

ಅವಳು ನಿಜವಾಗಿಯೂ ಕಣ್ಣು ಬಿಟ್ಟಳು. “ಅಕ್ಕಾ, ನಾ ಯಾರತ್ರ ಹೇಳ್ದೆ? ಆಂಡವರತ್ರ ತಾನೆ ಹೇಳ್ದೆ!”

“ದೇವರಿಗೇನು ಕಿವುಡಾ? ಅಷ್ಟು ಜೋರಾಗಿ ಹೇಳ್ಬೇಕಿತ್ತಾ? ಪಕ್ಕದಲ್ಲಿ ಕೂತಿರೋರು ಯಾರು ಅಂತ ನಿನಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಅಕ್ಕಾ. ಅದಕ್ಕೇ ತಾನೆ! ಆ ಮನೆಯವರೂ ಕೂಡಿ ಒಂದೇ ಮನಸಾಗಿ ಆಮೆನ್ ಅಂದ್ರೆ ಜೆಬಕ್ಕೆ ಬಲ ಜಾಸ್ತಿ. ಕಾಯಿಲೆ ಓಡೇ ಹೋಗುತ್ತೆ. ನೀನು ತಾನೆ ನಂಗೆ ಓದಿ ಹೇಳಿದ್ದು?”

ಹೌದು. ಕೂಡಿ ಬೇಡುವುದರ ಬಗ್ಗೆ ನಾನೇ ಓದಿ ಹೇಳಿದ್ದೆ. ಅದನ್ನು ಅವಳು ಹೀಗೆ ಕಟ್ಟಿಕೊಂಡಿದ್ದಳು. ಮುಗ್ಧತನವೋ ನಾಟಕವೋ ನನಗೆ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ತಾಳ್ಮೆಯೂ ಇರಲಿಲ್ಲ. ತಪ್ಪಾಯಿತು ಅನ್ನುವ ಒಂದು ಮಾತು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. “ಒಬ್ಬಳ ಬದುಕು ಹಾಳುಮಾಡಿದ್ಯಲ್ಲೇ, ಇನ್ನು ನಮ್ಮನೆ ಮೆಟ್ಲು ಹತ್ತಬೇಡ,” ಎಂದು ಬಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ಕೂಟಕ್ಕೆ ಬರುತ್ತಿದ್ದವರು ಮಗಳನ್ನು ನೋಡುವ ರೀತಿಯೇ ಬದಲಾಯಿತು. ಅವಳು ಸ್ಟೂಲ್ ಹತ್ತಿ ಬಲ್ಬ್ ಹಾಕಿದರೆ, “ಜೋಪಾನಮ್ಮಾ,” ಅನ್ನುವರು. ಬಿಸಿ ಕಾಫಿಯ ತಟ್ಟೆ ಹಿಡಿದರೆ ಎದ್ದು ಬಂದು ಕಸಿದುಕೊಳ್ಳುವರು. ಅವರ ಕನಿಕರ ನೋಡಿದರೆ ನನಗೆ ಎಲ್ಲರನ್ನೂ ಎಬ್ಬಿಸಿ ಕಳಿಸಿಬಿಡೋಣ ಅನ್ನಿಸುತ್ತಿತ್ತು. ಒಂದು ಶನಿವಾರ ಮೈ ಸರಿಯಿಲ್ಲವೆಂದೆ, ಮತ್ತೊಂದು ಶನಿವಾರ ಊರಿಗೆ ಹೋಗುತ್ತೇನೆಂದೆ. ಕೂಟ ನಿಂತುಹೋಯಿತು.

ಕೆಲವು ದಿನ ಬಿಟ್ಟು ಆ ನವಿಲು ಬಣ್ಣದ ಸೀರೆ ಮನೆಗೆ ಬಂತು. ಹಿಂದಿನ ಬೀದಿಯವಳು ತನ್ನ ಗಂಡನ ಕೈಲಿ ಕಳಿಸಿದ್ದಳು. ಫಾಲ್ಸ್ ಹೊಲಿದು, ಇಸ್ತ್ರಿ ಮಾಡಿ, ಮಡಿಕೆಯ ನಡುವೆ ಕಾಗದ ಇಟ್ಟು. ಹೊಲಿಗೆ ಎಷ್ಟು ಸಣ್ಣದೆಂದರೆ ಸೀರೆಯ ಮೇಲ್ಮೈಯಲ್ಲಿ ದಾರ ಕಾಣುತ್ತಲೇ ಇರಲಿಲ್ಲ. ನನಗೆ ಅದನ್ನು ಹರಿದು ಹಾಕುವಷ್ಟು ಸಿಟ್ಟು ಬಂತು. ಮಗಳು ಕಸಿದುಕೊಂಡು ಬೀರುವಿನಲ್ಲಿಟ್ಟಳು. ಮುಂದಿನ ಕ್ರಿಸ್ಮಸ್ಸಿಗೆ ಅದನ್ನೇ ಉಟ್ಟು ಚರ್ಚಿಗೆ ಹೊರಟಳು.

“ಬೇರೆ ಸೀರೆ ಇಲ್ವೇನೇ ನಿನಗೆ?”

“ಸೀರೆ ಏನಮ್ಮಾ ತಪ್ಪು ಮಾಡಿತ್ತು?” ಅಂದಳು.

ದ್ವೇಷ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಜಗಳವಾಡಿದ್ದೇನೆ, ನೀರಿನ ನಲ್ಲಿಯ ಮುಂದೆ ಕೊಡ ಎತ್ತಿದವಳು ನಾನು. ಅದೆಲ್ಲ ಸಂಜೆಗೆ ಆರಿಹೋಗುತ್ತಿತ್ತು. ಇದು ಆರಲಿಲ್ಲ. ನಮ್ಮ ಚರ್ಚಿನಲ್ಲಿ ಪವಿತ್ರ ಭೋಜನಕ್ಕೆ ಮುಂಚೆ ಒಬ್ಬರು ಇನ್ನೊಬ್ಬರ ಕೈ ಹಿಡಿದು ‘ಸಮಾಧಾನವಿರಲಿ’ ಎಂದು ಹಾರೈಸುವ ಪದ್ಧತಿ ಇದೆ. ಅದು ಬೆಂಚಿನಿಂದ ಬೆಂಚಿಗೆ ಕೈಯಿಂದ ಕೈಗೆ ಸಾಗುತ್ತದೆ. ಅದೇ ಚರ್ಚಿಗೆ ಬರುವ ಅವಳ ಕೈಗೆ ನನ್ನ ಕೈ ಸಿಗಬಾರದೆಂದು ನಾನು ಗೋಡೆಗೆ ಒತ್ತಿಕೊಂಡಿರುವ ಮೂಲೆಯ ಜಾಗ ಹಿಡಿದೆ. ಬಂದ ಸಮಾಧಾನ ನನ್ನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಗೋಡೆ. ಪಾದ್ರಿ ಅಯ್ಯನವರು ಶತ್ರುಗಳನ್ನು ಪ್ರೀತಿಸುವ ಬಗ್ಗೆ ಪ್ರಸಂಗ ಮಾಡಿದ ದಿನ ಮನೆಗೆ ಬಂದು ಗಂಡನಿಗೆ ಹೇಳಿದೆ: “ಶತ್ರುವನ್ನಾದ್ರೆ ಪ್ರೀತಿಸ್ತಿದ್ದೆ ಕಣ್ರೀ. ತಂಗಿ ಅಂದ್ಕೊಂಡೋಳನ್ನ ಹೇಗೆ ಪ್ರೀತಿಸೋದು ಅಂತ ಅವರು ಹೇಳ್ಲೇ ಇಲ್ವಲ್ಲ.” ಅವರು ಪೇಪರಿನಿಂದ ತಲೆ ಎತ್ತದೆ, “ಹೋಗಿ ಕೇಳು,” ಅಂದರು.

ಒಂದು ಶನಿವಾರ ಗಾಂಧಿಪುರಂನಿಂದ ಬಸ್ಸಿಳಿದು ಬರುವಾಗ ನಮ್ಮ ಬೀದಿಯಲ್ಲಿ ಒಳಚರಂಡಿಗೆ ಅಗೆದಿದ್ದರು. ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಬಂದೆ. ಅವಳ ಮನೆಯ ಕಿಟಕಿಯಿಂದ ಕನ್ನಡ ಓದುವ ದನಿ ಕೇಳಿಸಿತು. ಆ ಬೀದಿಯಲ್ಲಿ ಕನ್ನಡ ಓದುವವರು ಯಾರು? ನಿಂತೆ. ನನ್ನ ಮಗಳು. ನಾನು ಓದುವ ಹಾಗೆಯೇ, ನಾನು ನಿಲ್ಲಿಸುವಲ್ಲೇ ನಿಲ್ಲಿಸಿ ಓದುತ್ತಿದ್ದಳು. ನಡುನಡುವೆ ಆ ಮನೆಯವಳ ದನಿ, “ಅದ ಇನ್ನೊಂದ್ ಸಲ ಓದು ಚಿನ್ನಾ.”

ತಂಗಿ ಅಂದುಕೊಂಡವಳು ಬೆನ್ನಿಗೆ ಚೂರಿ ಹಾಕಿದ್ದು ಒಂದು ತೂಕ, ಇದು ಇನ್ನೊಂದು ತೂಕ. ಯಾರಿಗಾಗಿ ನಾನು ಹಗಲೂ ರಾತ್ರಿ ಬೇಯುತ್ತಿದ್ದೆನೋ ಆ ಮಗಳೇ ಹೋಗಿ ಅಲ್ಲಿ ಕೂತಿದ್ದಾಳೆ! ಶನಿವಾರ ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ನನಗೆ ಸುಳ್ಳು ಹೇಳಿಕೊಂಡು!

ಮನೆಗೆ ಬಂದ ಮಗಳನ್ನು ಬಾಗಿಲಲ್ಲೇ ತಡೆದೆ. “ನಾಚಿಕೆ ಆಗಲ್ವಾ ನಿನಗೆ? ನಿನ್ನ ಬಾಳಿಗೆ ಮಣ್ಣು ಹಾಕಿದೋಳ ಮನೇಲಿ ಕೂತು ವಾಕ್ಯ ಓದ್ತೀಯಾ? ನನಗೆ ದ್ರೋಹ ಮಾಡೋಕೆ ನೀನೂ ಸೇರ್ಕೊಂಡ್ಯಾ?”

ಅವಳು ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದಳು, ಬಂದು ನನ್ನ ಎದುರಿಗೆ ಕೂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಸುಳ್ಳು ಹೇಳಿದ್ದು ತಪ್ಪಮ್ಮಾ. ನಿಜ ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ. ಕಾಯಿಲೆ ನಂದು, ಮುರಿದ ಮದುವೆನೂ ನಂದು. ಕೋಪ ಮಾತ್ರ ನಿಂದಾಗಿದೆ, ಅದನ್ನ ನನ್ನ ಹೆಸರಲ್ಲಿ ಇಟ್ಕೊಂಡಿದ್ದೀಯ. ನನಗೆ ಬೇಡ.”

“ಅವಳು ತಪ್ಪಾಯ್ತು ಅಂದ್ಲಾ ನಿನ್ನ ಹತ್ರ?”

“ಇಲ್ಲ.”

“ಮತ್ತೆ?”

“ಅಂದ ಮೇಲೆ ಪ್ರೀತಿಸೋದಾದ್ರೆ ಅದರಲ್ಲೇನಿದೆ? ಅವರು ಕ್ಷಮೆ ಕೇಳಿಲ್ಲ, ಆದ್ರೂ ಹೋದೆ. ಮೊದಲ ದಿನ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಎರಡನೇ ಸಲಾನೂ ಬಂದೆ. ನಿನಗೇನು, ನನಗೆ ಅದು ಸುಲಭ ಅಂದ್ಕೊಂಡ್ಯಾ?” ಇಷ್ಟು ಹೊತ್ತು ಸಮವಾಗಿದ್ದ ಅವಳ ದನಿ ಅಲ್ಲಿ ಒಡೆಯಿತು. “ಅಮ್ಮಾ, ಈ ಮನೇಲಿ ಊಟಕ್ಕೆ ಕೂತ್ರೂ ಅವರ ಮಾತೇ, ಮಲಗಿದ್ರೂ ಅವರ ಮಾತೇ. ನನಗೆ ಉಸಿರು ಕಟ್ತಿದೆ. ಹೀಗೇ ಆದ್ರೆ ನಾನು ಹಾಸ್ಟೆಲಿಗೆ ಹೋಗ್ತೀನಿ.”

ಹಾಸ್ಟೆಲು! ಫಿಟ್ಸ್ ಬಂದರೆ ತಲೆ ಹಿಡಿಯುವವರಿಲ್ಲದ ಕಡೆ. ಅವಳು ಹೆದರಿಸುವ ಜಾತಿಯಲ್ಲ, ಹೇಳಿದರೆ ಮಾಡುವವಳು. ಸಂಬಂಧ ಹೋಯಿತು, ತಂಗಿ ಹೋದಳು, ಇನ್ನು ಉಳಿದಿದ್ದವಳು ಇವಳೊಬ್ಬಳು. ಇವಳನ್ನು ಕಳಿಸಲು ಹೊರಟಿರುವುದು ಹಿಂದಿನ ಬೀದಿಯವಳಲ್ಲ, ನಾನು. ಅದು ಅರ್ಥವಾದ ಮೇಲೂ ನನ್ನೊಳಗಿನ ಬೆಂಕಿ ಕಡಿಮೆಯಾಗಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮನಸ್ಸು ಕರಗಿತು, ಕಣ್ಣೀರು ಬಂತು, ಎಲ್ಲ ಮರೆತೆ ಎಂದು ಸಾಕ್ಷಿ ಹೇಳುವವರನ್ನು ಚರ್ಚಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ನನಗೆ ಹಾಗೇನೂ ಆಗಲಿಲ್ಲ.

ಮುಂದಿನ ಶನಿವಾರ ಮಗಳು ಹೊರಟಾಗ ನಾನೂ ಸೆರಗು ಸರಿಮಾಡಿಕೊಂಡೆ. ದಾರಿಯಲ್ಲಿ ನಾನು ಒಂದೆರಡು ಸಲ ನಿಂತೆ. ಅವಳೂ ನಿಂತಳು.

ಹೊಲಿಯುತ್ತ ಕೂತಿದ್ದವಳು ನನ್ನನ್ನು ನೋಡಿ ಹೌಹಾರಿದಳು. ಕೈಯಲ್ಲಿದ್ದ ಸೀರೆ ಜಾರಿ ಬಿತ್ತು. “ಬಾಕ್ಕಾ,” ಅಂದಳು, ಅಷ್ಟೆ. ಚಾಪೆ ಹಾಸಿದಳು. ತಲೆ ಬಿಳಿಯಾಗಿತ್ತು, ಸೂಜಿ ಚುಚ್ಚಿದ ಬೆರಳುಗಳು ಮೊದಲಿನ ಹಾಗೇ ಇದ್ದವು. ಮಗಳು ಓದಿದಳು. ನನಗೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಓದಿ ಮುಗಿದ ಮೇಲೆ ಅವಳು ನೆಲ ನೋಡುತ್ತ, ಹಳೆಯ ಅಭ್ಯಾಸದಂತೆ ಕೇಳಿದಳು.

“ಜೆಬಕ್ಕೆ ವಿಷಯ ಏನಾದ್ರೂ ಇದ್ಯಾ ಅಕ್ಕಾ?”

ಮಗಳು ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಇಲ್ಲ ಅನ್ನಬಹುದಿತ್ತು. ಅವಳ ಬಾಯಿಗೆ ಇನ್ನೊಂದು ಗುಟ್ಟು ಕೊಡಬೇಡವೆಂದು ನನ್ನ ಬುದ್ಧಿ ಬಡಕೊಂಡಿತು. ನಾಳೆ ಬೆಳಿಗ್ಗೆ ಇಡೀ ಚರ್ಚಿಗೆ ಗೊತ್ತಾಗಲಿ, ಆದದ್ದಾಗಲಿ ಅಂದುಕೊಂಡೆ.

“ಇದೆ,” ಅಂದೆ. “ನಿನ್ನ ಕಂಡ್ರೆ ನನಗೆ ದ್ವೇಷ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಿದೆ. ಎಷ್ಟು ಪ್ರಾರ್ಥಿಸಿದ್ರೂ ಹೋಗ್ತಿಲ್ಲ. ಅದು ಹೋಗಲಿ ಅಂತ ನೀನೇ ಪ್ರಾರ್ಥನೆ ಮಾಡು. ನಿನ್ನ ಹಾಗೇ, ಜೋರಾಗಿ ಮಾಡು.”

ಅವಳು ಕಣ್ಣು ಮುಚ್ಚಿದಳು. ನಾವೂ ಮುಚ್ಚಿದೆವು. ಎದುರಿನ ವರ್ಕ್‌ಶಾಪಿನಲ್ಲಿ ಲೇತ್ ತಿರುಗುತ್ತಿತ್ತು.

“ಆಂಡವರೇ, ನಮ್ ಅಕ್ಕ...” ಎಂದು ಶುರುಮಾಡಿದಳು. ನಿಂತಳು. “ನಮ್ ಅಕ್ಕನ ಮನಸಿಗೆ...” ಅಂದಳು. ಮತ್ತೆ ನಿಂತಳು. ದೇಶ, ಮಳೆ, ಲೇತ್ ಕೆಲಸದವರ ಬೆರಳು ಯಾವುದೂ ಬರಲಿಲ್ಲ. ನಾನು ಕಣ್ಣು ತೆರೆಯಲಿಲ್ಲ. ಕೈ ಚಾಚಿದೆ. ಸೂಜಿ ಚುಚ್ಚಿ ಒರಟಾದ ಬೆರಳುಗಳು ಸಿಕ್ಕವು, ಹಿಡಿದುಕೊಂಡೆ. ಕೆಂಡ ಇನ್ನೂ ಅಲ್ಲೇ ಇತ್ತು.

ಅವಳ ಪ್ರಾರ್ಥನೆ ಮುಗಿದಿರಲಿಲ್ಲ. ಮುಗಿಯುತ್ತದೆಂದು ನನಗೆ ಅನ್ನಿಸಲೂ ಇಲ್ಲ. ಈ ಸಲ ಬೇಕೆಂದೇ, ಎಲ್ಲರಿಗಿಂತ ಮೊದಲು, ನಾನು ಆಮೆನ್ ಅಂದೆ.